ಹಟ್ಟಿಯಗಿನ ಗಿಡ್ಡಿಯ ಕಥೆ

ಹ್ವಾಯ್ ಅಕ್ಕಂದಿರೇ, ದನಕ್ಕೆಂತ ಚರಿತ್ರೆ ಅಂದ್ಕಂಬುದ್ ಬ್ಯಾಡ, ಕಾಣಿ. ನಾನು ಮದಿ ಆಯ್ ಬಂದಾಗ ನಮ್ಮತ್ತೆ ಹಟ್ಟಿಯಗೆ ಇಪ್ಪತ್ತ್ ಗಂಟಿ ಇದ್ದಿತ್. ಎಲ್ಲ ಊರದನ, ಗಿಡ್ಡ. ನಮ್ಮ ಸೊಂಟದಷ್ಟೇ ಎತ್ತರ, ತೂಕ ನೂರು ಕಿಲೋ ಆಸುಪಾಸು. ಬೆಳಿಗ್ಗೆ ಹಾಡಿಗೆ ಬಿಟ್ರೆ ಸಂಜೆಗೆ ತಾವೇ ಮನಿಗೆ ಬತ್ತಿದ್ದೊ. ವರ್ಷ ವರ್ಷ ಕರು ಹಾಕುದಕ್ಕೆ ‘ವರ್ಷಗಂಧಿ’ ಅಂತ್ಲೂ ಹೆಸ್ರಿತ್ತ್.

ಹಾಲು ಒಂದ್ ಲೀಟ್ರೊ, ಎರಡೊ, ಅಷ್ಟೇ. ಆದ್ರೆ ಸಾಕಿದ್ದ್ ಹಾಲಿಗಲ್ಲ, ಹೂಟಿಗೆ ಮತ್ತೆ ಗೊಬ್ಬರಕ್ಕೆ. ಸೊಪ್ಪು, ದರ್ಲೆ ಹಟ್ಟಿಗೆ ಹಾಸಿ, ಅದನ್ನ ಗಂಟಿ ತುಳ್ದ್ ಗೊಬ್ಬರ ಆದ್ಮೇಲೆ ಕಾರ್ತಿ ಗದ್ದೆಗೆ ಹೊರ್ಕ್. ಹೊತ್ತದ್ ಯಾರು? ನಾವೇ ಹೆಂಗಸ್ರು, ಹೆಡಿಗೆಯಗೆ.

ಮತ್ತೆ ಗೊಬ್ಬರದ ಚೀಲ ಬಂತ್, ಟಿಲ್ಲರ್ ಬಂತ್, ಡೈರಿ ಬಂತ್. ಜರ್ಸಿ ತಂದವರಿಗೆ ನಾನು ಬೈಯುದಿಲ್ಲೆ, ನನ್ನ ಮಕ್ಕಳ ಫೀಸು ಕಟ್ಟಿದ್ದೂ ಅದೇ ಹಾಲಿನ ದುಡ್ಡಗೇ. ಆದ್ರೆ ಮೊದ್ಲು ಖಾಲಿ ಆದದ್ದ್ ಹೋರಿ. ಹೂಟಿ ಇಲ್ದಿದ್ಮೇಲೆ ಗಂಡ್ ಕರು ಯಾರಿಗೆ ಬೇಕ್? ಹೋರಿ ಇಲ್ಲೆ ಅಂದ್ರೆ ಗಿಡ್ಡಿಗೂ ಜರ್ಸಿ ಇಂಜೆಕ್ಷನ್ನೇ, ಹುಟ್ಟೂದೆಲ್ಲ ಬೆರಕೆ. ನಮ್ಮ ಕೆಂಪಿಗೆ ಹಾಂಗೇ ಮಾಡ್ಸಿ, ಹೊಟ್ಟೆಯಗಿನ ಕರು ದೊಡ್ಡದಾಯಿ ಇಡೀ ರಾತ್ರಿ ಒದ್ದಾಡ್ತ್. ಕರು ಉಳಿಲಿಲ್ಲ. ಅತ್ತೆ ಬೆಳಗಿನವರೆಗೆ ಅದ್ರ ತಲೆ ತೊಡೆ ಮೇಲಿಟ್ಕಂಡ್ ಕೂತಿದ್ರ್.

2012ರಲ್ಲಿ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೊ ನಮ್ಮ ಊರದನವನ್ನ ‘ಮಲೆನಾಡು ಗಿಡ್ಡ’ ಅಂತ ಪ್ರತ್ಯೇಕ ತಳಿಯಾಗಿ ದಾಖಲು ಮಾಡ್ತ್. ಅಲ್ಲಿವರೆಗೆ ಸರ್ಕಾರದ ಲೆಕ್ಕದಗೆ ಅದ್ ಹೆಸರಿಲ್ಲದ ನಾಡದನ. (ಕಂಬಳದ ಕೋಣಕ್ಕಾದ್ರೂ ಊರೆಲ್ಲ ಹೆಸ್ರಿತ್ತ್!)

ಹೆಸ್ರು ಸಿಕ್ರೆ ಸಾಲ, ಸಾಕುಕೆ ಹಟ್ಟಿ ಬೇಕ್. ದೂರದ ಫಿನ್‌ಲೆಂಡಿನ ಬಡಗು ಬದಿಯ ಬಿಳಿ ದನ 1980ರ ದಶಕದಗೆ ಬೆರಳೆಣಿಕೆಗೆ ಇಳ್ದಿದ್ದೊ. ಅವನ್ನ ಉಳಿಸಿದ್ದ್ ಎಲ್ಲಿ ಗೊತ್ತಿತ್ತಾ? ಪೆಲ್ಸೊ ಅಂಬ ಜೈಲಿನ ಹಟ್ಟಿಯಗೆ! ನಾನ್ ಓದಿ ಹೇಳ್ದಾಗ ಅತ್ತೆಗೆ ನಗಿ ತಡಿಲಿಲ್ಲ, “ಹಾಂಗಾರೆ ನಾವೂ ಒಳ್ಗೆ ಹೋಯ್ಕಾ?” ಅಂದ್ರ್.

ಈ ನವರಾತ್ರಿಗೆ ಕೆಂಪಿ ಬೆದೆಗೆ ಬಂತ್. ಇಂಜೆಕ್ಷನ್ ಬ್ಯಾಡ ಅಂದೆ. ಕೊಲ್ಲೂರು ಘಾಟಿ ಬುಡದಗೆ ಒಬ್ರ ಮನಿಯಗೆ ಕಪ್ಪು ಗಿಡ್ಡ ಹೋರಿ ಇತ್ತ್ ಅಂತ ಗೊತ್ತಾಯಿ, ಗೂಡ್ಸ್ ರಿಕ್ಷಾದಗೆ ಹತ್ಸಿ ಕರ್ಕಂಡ್ ಹೋದ್ವಿ. ರಿಕ್ಷಾ ಬಾಡಿಗೆ ಕೇಂಡ್ ನಮ್ಮನಿಯವರಿಗೆ ಸಿಟ್ಟ್ ಬಂತ್, ಇರ್ಲಿ.

ಆಸಾಡಿಯಗೆ ಕರು ಹಾಕ್ತ್. ಗಂಡಾದ್ರೆ ಮಾರುದಿಲ್ಲೆ ಅಂತ ಅತ್ತೆ ಈಗ್ಲೇ ಹೇಳಿಟ್ಟಿದ್ರ್. ಅದ್ ಬೆಳ್ದ್ ಹೋರಿ ಆದ್ಮೇಲೆ, ನಿಮ್ಮನಿ ಗಿಡ್ಡಿ ಬೆದೆಗೆ ಬಂದ್ರೆ ಒಂದ್ ಫೋನ್ ಮಾಡಿ.