ನಲವತ್ತಕ್ಕೆ ಬರಬೇಕಿದ್ದ ಚಾಳೀಸು ಎಂಟಕ್ಕೇ ಯಾಕೆ ಬಂತು?

ಮಂಕಿಯ ನಮ್ಮನೇಲಿ ಅಜ್ಜಿ ‘ಕನ್ನಡಕ’ ಅಂದಿದ್ದು ನಾನು ಕೇಳೇ ಇಲ್ಲ. ಅವರಿಗೆ ಅದು ‘ಚಾಳೀಸು’. ಚಾಳೀಸ್ ಅಂದ್ರೆ ನಲವತ್ತು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತಲ್ಲ, ಆಗ ಹಾಕೋದು ಅಂತ ಆ ಹೆಸರು. ಮೊನ್ನೆ ಊರಿಗೆ ಹೋದ್ರೆ, ಅಕ್ಕನ ಮಗಳಿಗೆ ಚಾಳೀಸು ಬಂದಿದೆ. ವಯಸ್ಸು ಎಂಟು, ನಂಬರ್ ಮೈನಸ್ ಎರಡು. “ನಮ್ಮಲ್ಲಿ ಯಾರಿಗೂ ಇರಲಿಲ್ವಲ್ಲೋ ತಮ್ಮಾ, ಇವಳಿಗೆ ಹೇಗೆ ಬಂತು?” ಅಂತ ಅಕ್ಕ ಕೇಳಿದಳು. ಇವತ್ತಿನ ಸಂಚಿಕೆ ಆ ಪ್ರಶ್ನೆಯ ಬಗ್ಗೆ.

ನಮ್ಮ ನಾಡಲ್ಲಿ ಕನ್ನಡಕದ ಹಳೆಯ ಸುಳಿವು ಸಿಗೋದು ವಿಜಯನಗರ ಕಾಲದಲ್ಲಿ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಗ್ರಂಥ ಓದುವ ಮಾತು ಬರುತ್ತೆ. ಆಗ ಅವರಿಗೆ ವಯಸ್ಸಾಗಿತ್ತು. ಮಂಕಿಯ ದಕ್ಷಿಣಕ್ಕಿರುವ ಭಟ್ಕಳ ಆ ಕಾಲದಲ್ಲಿ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು. ಕನ್ನಡಕವೂ ಹೀಗೇ ಕಡಲ ದಾರಿಯಲ್ಲಿ, ಪೋರ್ಚುಗೀಸರ ಜತೆ ಬಂದಿರಬಹುದು ಅನ್ನೋದು ಇತಿಹಾಸಕಾರರ ಊಹೆ.

ಆದರೆ ವ್ಯಾಸರಾಯರದ್ದೂ ಅಜ್ಜಿಯದ್ದೂ ವಯಸ್ಸಿನ ಕಣ್ಣು. ಮಗುವಿನದ್ದು ತಿರುಗಾಮುರುಗಾ: ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ. ಇದು ಸಮೀಪದೃಷ್ಟಿ. ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದು, ಚಿತ್ರ ರೆಟಿನಾದ ಮೇಲೆ ಬೀಳದೆ ಮುಂದೆಯೇ ಬೀಳುತ್ತೆ.

1813ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ವೇರ್ ಲೆಕ್ಕ ಹಾಕಿದ. ಆಕ್ಸ್‌ಫರ್ಡಿನ ಒಂದು ಕಾಲೇಜಿನ 127 ಜನರಲ್ಲಿ 32 ಮಂದಿ ಕನ್ನಡಕವನ್ನೋ ಕೈಗಾಜನ್ನೋ ಬಳಸುತ್ತಿದ್ದರು. ಸುಮಾರು 10,000 ಕಾಲಾಳು ಸೈನಿಕರಲ್ಲಿ ಸಮೀಪದೃಷ್ಟಿಯವರು ಆರು ಜನವೂ ಇರಲಿಲ್ಲ. 1867ರಲ್ಲಿ ಜರ್ಮನಿಯ ಹರ್ಮನ್ ಕೋನ್ ಹತ್ತು ಸಾವಿರ ಶಾಲಾಮಕ್ಕಳ ಕಣ್ಣು ನೋಡಿದ. ಓದು ಮುಂದೆ ಹೋದಷ್ಟೂ ಸಮೀಪದೃಷ್ಟಿ ಹೆಚ್ಚಿತ್ತು. ಆಮೇಲೆ ಬಂದವರು, ಇದೆಲ್ಲ ವಂಶದಿಂದ ಬರೋದು ಅಂದ್ರು. 1969ರಲ್ಲಿ ಅಲಾಸ್ಕಾದಿಂದ ಬಂದ ವರದಿ ಆ ವಾದವನ್ನ ಅಲ್ಲಾಡಿಸ್ತು. ಅಲ್ಲಿನ ಇನ್ಯುಯಿಟ್ ಜನರಲ್ಲಿ ಹಿರಿಯರಿಗೆ ಸಮೀಪದೃಷ್ಟಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಾಲೆಗೆ ಹೋದ ಅವರ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗಿತ್ತು. ಒಂದೇ ತಲೆಮಾರಲ್ಲಿ ರಕ್ತ ಬದಲಾಗುತ್ತಾ?

ಹಾಗಾದ್ರೆ ಪುಸ್ತಕದ್ದೇ ತಪ್ಪಾ? 2008ರಲ್ಲಿ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನ ಎರಡು ಊರುಗಳಲ್ಲಿ ಹೋಲಿಸಿದರು. ಸಿಂಗಪುರದಲ್ಲಿ ಶೇ. 29 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ಬರೀ ಶೇ. 3. ಹೆಚ್ಚು ಪುಸ್ತಕ ಓದ್ತಾ ಇದ್ದಿದ್ದು ಸಿಡ್ನಿ ಮಕ್ಕಳೇ! ದೊಡ್ಡ ವ್ಯತ್ಯಾಸ ಇದ್ದಿದ್ದು ಹೊರಗಿರುವ ಹೊತ್ತಿನಲ್ಲಿ: ವಾರಕ್ಕೆ ಸಿಡ್ನಿಯಲ್ಲಿ ಸುಮಾರು 14 ಗಂಟೆ, ಸಿಂಗಪುರದಲ್ಲಿ ಮೂರು. ಹಗಲ ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮಿನ್ ಹೆಚ್ಚುತ್ತೆ, ಅದು ಕಣ್ಣು ಉದ್ದ ಬೆಳೆಯೋದನ್ನ ತಡೆಯುತ್ತೆ ಅನ್ನೋದು ಈಗ ಬಲವಾಗಿರುವ ವಿವರಣೆ. ತೈವಾನ್ 2010ರಿಂದ ಶಾಲಾಮಕ್ಕಳನ್ನ ದಿನಕ್ಕೆ 120 ನಿಮಿಷ ಹೊರಗೆ ಬಿಡೋ ಕಾರ್ಯಕ್ರಮ ನಡೆಸ್ತಾ ಇದೆ.

ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇದ್ದ ಕಾಲದಲ್ಲಿ ದಡದಲ್ಲೇ ನಿಂತು, ನೀರಿನ ಬಣ್ಣ ನೋಡಿ ಬಂಗಡೆಯ ಹಿಂಡು ಗುರುತಿಸೋರಿದ್ದರು. ಅವರೂ ನಮ್ಮ ಹಿರಿಯರೇ. ಅಕ್ಕಾ, ವಂಶದ ಪಾಲು ಸ್ವಲ್ಪ ಇರುತ್ತೆ, ನಿಜ. ಆದರೆ ಒಂದು ತಲೆಮಾರಲ್ಲಿ ಬದಲಾಗಿದ್ದು ನಮ್ಮ ವಂಶ ಅಲ್ಲ, ಮಕ್ಕಳ ಹಗಲು.

ಈಗ ಬಂದಿರೋ ನಂಬರ್ ಆಟ ಆಡಿದ್ರೆ ಹೋಗಲ್ಲ. ಕನ್ನಡಕ ಹಾಕಲೇಬೇಕು, ಪರೀಕ್ಷೆ ತಪ್ಪಿಸಬಾರದು. ನಂಬರ್ ತುಂಬಾ ಏರಿದ್ರೆ ರೆಟಿನಾಕ್ಕೇ ಅಪಾಯ. ಆದರೆ ಮನೇಲಿ ಇನ್ನೂ ಚಿಕ್ಕವನೊಬ್ಬ ಇದ್ದಾನಲ್ಲ, ಅವನನ್ನ ಹಗಲಲ್ಲಿ ಹೊರಗೆ ಬಿಡು. ಮಳೆಗಾಲದ ಮೋಡ ಇದ್ರೂ ಅಂಗಳದ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ನೀವೂ ಇದನ್ನ ಕೇಳ್ತಾ ನಡೀತಾ ಇದ್ರೆ, ಫೋನ್ ಜೇಬಲ್ಲೇ ಇರಲಿ. ಮುಂದಿನ ವಾರ ಸಿಗೋಣ.