ಆಕ್ಸಿಜನ್ (ಪದಮೂಲ)

ಆಕ್ಸಿಜನ್ ಎಂಬುದು ಪರಮಾಣು ಸಂಖ್ಯೆ 8 ಆಗಿರುವ ಮೂಲಧಾತುವಿನ ಹೆಸರು. ಕನ್ನಡದಲ್ಲಿ ಇದನ್ನು ಆಮ್ಲಜನಕ ಎನ್ನುತ್ತಾರೆ. ಎರಡೂ ಹೆಸರುಗಳಿಗೆ 'ಆಮ್ಲವನ್ನು ಉಂಟುಮಾಡುವುದು' ಎಂದರ್ಥ. ಎಲ್ಲ ಆಮ್ಲಗಳಲ್ಲಿಯೂ ಈ ಧಾತು ಇರುತ್ತದೆ ಎಂಬ 18ನೆಯ ಶತಮಾನದ ನಂಬಿಕೆ ಈ ಹೆಸರಿಗೆ ಕಾರಣ. ಆ ನಂಬಿಕೆ ಮುಂದೆ ತಪ್ಪೆಂದು ತಿಳಿದುಬಂದರೂ ಹೆಸರು ಬದಲಾಗಲಿಲ್ಲ.

ಪದರಚನೆ

ಗ್ರೀಕ್ ಭಾಷೆಯ 'ಒಕ್ಸುಸ್' ಪದಕ್ಕೆ ಹರಿತವಾದ, ತೀಕ್ಷ್ಣವಾದ, ಹುಳಿಯಾದ ಎಂಬ ಅರ್ಥಗಳಿವೆ. ವಿನೆಗರ್ ಎಂಬ ಅರ್ಥದ 'ಒಕ್ಸೊಸ್' ಇದಕ್ಕೆ ಸಂಬಂಧಿಸಿದ ಪದ. ಲ್ಯಾಟಿನ್‌ನಲ್ಲಿಯೂ ಹುಳಿ ಎಂಬರ್ಥದ 'ಆಸಿಡುಸ್' ಪದದಿಂದಲೇ 'ಆಸಿಡ್' ಬಂದಿದೆ. ಹೆಸರಿನ ಎರಡನೆಯ ಭಾಗವು ಗ್ರೀಕ್‌ನ 'ಗೆನೆಸ್' ಪ್ರತ್ಯಯದ ರೂಪ. ಗ್ರೀಕ್‌ನಲ್ಲಿ ಅದಕ್ಕೆ 'ಹುಟ್ಟಿದ' ಎಂಬ ಅರ್ಥವಿದ್ದರೂ ಇಲ್ಲಿ ಅದನ್ನು 'ಹುಟ್ಟಿಸುವ' ಎಂಬ ಅರ್ಥದಲ್ಲಿ ಬಳಸಲಾಗಿದೆ.

ನಾಮಕರಣ

ಈ ಅನಿಲವನ್ನು ಸ್ವೀಡನ್ನಿನ ಕಾರ್ಲ್ ಷೀಲೆ ಮತ್ತು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಬೇರೆಬೇರೆಯಾಗಿ ತಯಾರಿಸಿದರು. ಪ್ರೀಸ್ಟ್ಲಿಯ ಪ್ರಸಿದ್ಧ ಪ್ರಯೋಗ ನಡೆದದ್ದು 1774ರಲ್ಲಿ. ಫ್ರಾನ್ಸಿನ ಆಂಟೋನ್ ಲವಾಸಿಯೆ ಗಂಧಕ ಮತ್ತು ರಂಜಕಗಳನ್ನು ಉರಿಸಿ, ಅವು ಗಾಳಿಯ ಒಂದು ಅಂಶದೊಡನೆ ಸೇರುವುದನ್ನು ಕಂಡನು. ಹಾಗೆ ಉಂಟಾದ ವಸ್ತುಗಳು ನೀರಿನಲ್ಲಿ ಕರಗಿ ಆಮ್ಲಗಳಾಗುತ್ತಿದ್ದವು. ಆಮ್ಲತೆಗೆ ಆ ಅಂಶವೇ ಕಾರಣವೆಂದು ಅವನು ತೀರ್ಮಾನಿಸಿದನು. 1787ರಲ್ಲಿ ಅವನೂ ಅವನ ಸಹೋದ್ಯೋಗಿಗಳೂ ಪ್ರಕಟಿಸಿದ ರಾಸಾಯನಿಕ ನಾಮಕರಣ ಪದ್ಧತಿಯಲ್ಲಿ ಈ ಹೆಸರು ನೆಲೆಗೊಂಡಿತು.

ಹೆಸರಿನಲ್ಲಿರುವ ದೋಷ

ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ. ಅದರಲ್ಲಿರುವುದು ಹೈಡ್ರೋಜನ್ ಮತ್ತು ಕ್ಲೋರಿನ್ ಮಾತ್ರ. ಕ್ಲೋರಿನ್ ಆಕ್ಸಿಜನ್ನಿನ ಸಂಯುಕ್ತವಲ್ಲ, ಅದೂ ಒಂದು ಮೂಲಧಾತು ಎಂದು 1810ರಲ್ಲಿ ಹಂಫ್ರಿ ಡೇವಿ ಪ್ರತಿಪಾದಿಸಿದನು. ಇದರಿಂದ ಲವಾಸಿಯೆಯ ಆಮ್ಲ ಸಿದ್ಧಾಂತ ದುರ್ಬಲವಾಯಿತು. ಇನ್ನೊಂದೆಡೆ, ಆಕ್ಸಿಜನ್ ಇರುವ ವಸ್ತುಗಳೆಲ್ಲ ಆಮ್ಲೀಯವೂ ಅಲ್ಲ. ಸುಟ್ಟ ಸುಣ್ಣವು ಕ್ಯಾಲ್ಸಿಯಂ ಆಕ್ಸೈಡ್. ಅದು ನೀರಿನೊಡನೆ ಸೇರಿದಾಗ ಪ್ರತ್ಯಾಮ್ಲ ಉಂಟಾಗುತ್ತದೆ. ನೀರಿನಲ್ಲಿ ಆಮ್ಲಗಳು ತೋರುವ ಗುಣಕ್ಕೆ ಅವು ಬಿಟ್ಟುಕೊಡುವ ಹೈಡ್ರೋಜನ್ ಅಯಾನುಗಳು ಕಾರಣವೆಂದು ಮುಂದೆ ತಿಳಿದುಬಂದಿತು.

ಇತರ ಭಾಷೆಗಳಲ್ಲಿ

ಜರ್ಮನ್ ಭಾಷೆಯ 'ಸಾವರ್‌ಷ್ಟೋಫ್' ಎಂದರೆ ಹುಳಿ ವಸ್ತು. ರಷ್ಯನ್ನಿನ 'ಕಿಸ್ಲರೋದ್' ಪದಕ್ಕೂ ಆಮ್ಲವನ್ನು ಹುಟ್ಟಿಸುವುದು ಎಂದೇ ಅರ್ಥ. ಕನ್ನಡದ 'ಆಮ್ಲಜನಕ' ಪದದಲ್ಲಿ ಸಂಸ್ಕೃತದ 'ಆಮ್ಲ' ಮತ್ತು 'ಜನಕ' ಸೇರಿವೆ. ಹೀಗೆ ಮೂಲ ಹೆಸರಿನ ಅರ್ಥದೊಡನೆ ಅದರ ದೋಷವೂ ಈ ಭಾಷೆಗಳಿಗೆ ಬಂದಿದೆ. ಇದೇ ರೀತಿ ಹೈಡ್ರೋಜನ್ನಿಗೆ 'ಜಲಜನಕ' ಎಂಬ ಹೆಸರಿದೆ. ಆ ಅನಿಲ ಉರಿದಾಗ ನೀರು ಉಂಟಾಗುವುದರಿಂದ ಆ ಹೆಸರು ಇಂದಿಗೂ ಅರ್ಥಕ್ಕೆ ತಕ್ಕುದಾಗಿದೆ.