ಬಾಗಿಲು ಮೊದಲು, ಬೀಗ ಬೇರೆ

ಪರಊರಿನಲ್ಲಿದ್ದಾಗ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿರುವ ಕಡತ ಬೇಕಾದರೆ ಏನು ಮಾಡುವುದು? ಮನೆಯ ಪರದೆಯನ್ನೇ ಅಲ್ಲಿಗೆ ಕರೆಸಿಕೊಳ್ಳಬಹುದು. ಅಲ್ಲಿ ಕೀಲಿ ಒತ್ತಿದರೆ ಇಲ್ಲಿ ಅಕ್ಷರ ಮೂಡುತ್ತದೆ. ಈ ಸೌಕರ್ಯದ ಹಿಂದೆ ಎರಡು ಕಥೆಗಳಿವೆ. ಒಂದು ಬಾಗಿಲಿನದು, ಇನ್ನೊಂದು ಬೀಗದ್ದು.

ಬಾಗಿಲು ತೆರೆದದ್ದು ಅಮೆರಿಕದ ಎಂಐಟಿಯಲ್ಲಿ. 1984ರಲ್ಲಿ ಅಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ, ಒಂದು ಯಂತ್ರದಲ್ಲಿ ನಡೆಯುವ ಕೆಲಸವನ್ನು ಇನ್ನೊಂದರ ಪರದೆಯಲ್ಲಿ ತೋರಿಸಿತು. ಬಳಿಕ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಮತ್ತು ಒರೇಕಲ್ ಸಂಶೋಧನಾಲಯ ರೂಪಿಸಿದ ವಿಎನ್‌ಸಿ 1998ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಇದು ಇಡೀ ಪರದೆಯನ್ನು ಚಿತ್ರವಾಗಿ ಕಳುಹಿಸಿ, ನಂತರ ಬದಲಾದ ಭಾಗವನ್ನಷ್ಟೇ ರವಾನಿಸುತ್ತದೆ. ಆದರೆ ಮೊದಲ ವಿಎನ್‌ಸಿಯಲ್ಲಿ ಪಾಸ್‌ವರ್ಡ್ ಎಂಟೇ ಅಕ್ಷರ. ಪರದೆಯ ಚಿತ್ರಗಳೂ ಒತ್ತಿದ ಕೀಲಿಗಳೂ ಜಾಲದಲ್ಲಿ ಯಾವ ಮರೆಯೂ ಇಲ್ಲದೆ ಸಾಗುತ್ತಿದ್ದವು.

ಬೀಗ ಅದಾಗಲೇ ಸಿದ್ಧವಾಗಿತ್ತು, ಅದೂ 1991ರಲ್ಲಿ ಲಿನಕ್ಸ್ ಹುಟ್ಟಿದ ಫಿನ್ಲೆಂಡಿನಲ್ಲೇ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದಾಗ, ಅಲ್ಲಿನ ಸಂಶೋಧಕ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದರು. ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಈ ತಂತ್ರಾಂಶ, ವಿಎನ್‌ಸಿಯಂಥ ಇತರ ತಂತ್ರಾಂಶಗಳ ಸಂಚಾರಕ್ಕೂ ಸುರಂಗವಾಗಬಲ್ಲದು.

ಆದ್ದರಿಂದ ವಿಎನ್‌ಸಿ ಬಳಸುವ 5900ನೇ ಪೋರ್ಟನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬಾರದು. 22ನೇ ಪೋರ್ಟಿನ ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಅದನ್ನು ತಲುಪಬೇಕು. ಪಾಸ್‌ವರ್ಡಿಗೆ ಬದಲಾಗಿ ಎಸ್‌ಎಸ್‌ಎಚ್ ಕೀಲಿ ಕಡತವನ್ನು ಬಳಸಿದರೆ ಇನ್ನೂ ಕ್ಷೇಮ. ಮನೆಯ ಕಂಪ್ಯೂಟರಿನಲ್ಲಿ ಮಕ್ಕಳ ಫೋಟೊಗಳಿರುತ್ತವೆ, ಬ್ಯಾಂಕಿನ ಲೆಕ್ಕವಿರುತ್ತದೆ. ನಾವು ಒಳಹೋಗುವ ದಾರಿಯಲ್ಲಿ ಕಳ್ಳನೂ ಬರಬಲ್ಲ ಎಂಬುದೇ ಫಿನ್ಲೆಂಡಿನ ಆ ಕಳವು ಕಲಿಸಿದ ಪಾಠ.